ಏಳನೆಯದು

ಸೋಮವಾರ ಅಂಚೆ ಕಚೇರಿಯಲ್ಲಿ ಹೆಸರು ಬರೆಸಿದೆ.
ಕಿಟಕಿಯಾಚೆ ವಾಲ್ದೆಮಾರ್,
ಇಸ್ಪೀಟಿನಲ್ಲಿ ನನಗೆ ಇನ್ನೂರು ಪೆಸೊ ಕೊಡಬೇಕಾದವನು,
ಮುಖಪರಿಚಯವೇ ಇಲ್ಲದವನ ಹಾಗೆ ಕೇಳಿದ:
ಮನೆಗೆ ಆರು ಗಿಡ. ಗೊತ್ತಲ್ಲ?
ಗೊತ್ತು, ಎಂದೆ.
ಠಸ್ಸೆ ಬಿತ್ತು.

ಬೀಜ ಕೊಟ್ಟದ್ದು ಸುಲ್ಮಾಳ ಅಕ್ಕನ ಮಗಳು,
ಬೆಂಕಿಪೊಟ್ಟಣದಲ್ಲಿ ಹತ್ತು.
ಬೂದು ಮೈ, ಮೇಲೆ ಕಂದು ಗೀರು,
ಕೌಜುಗದ ಮೊಟ್ಟೆಯನ್ನು ಯಾರೋ
ಮೆಣಸಿನ ಕಾಳಿನಷ್ಟಕ್ಕೆ ಕುಗ್ಗಿಸಿದ ಹಾಗೆ.
ಹಳೆಯವು ಚಿಕ್ಕಪ್ಪ, ಅರ್ಧ ಎದ್ದರೆ ಪುಣ್ಯ, ಅಂದಳು.

ಒಂದು ರಾತ್ರಿ ಲೋಟದ ನೀರಲ್ಲಿ.
ಮುಳುಗಿದ್ದು ಎಂಟು, ತೇಲಿದ್ದು ಎರಡು.
ತೇಲಿದ್ದನ್ನೂ ಎಸೆಯಲು ಮನಸ್ಸಾಗಲಿಲ್ಲ.
ಆಮೇಲೆ ಒದ್ದೆ ಕಾಗದ, ಒಂದು ತಟ್ಟೆ,
ಅದರ ಮೇಲೆ ಬೋರಲಾಗಿ ಇನ್ನೊಂದು,
ಫ್ರಿಜ್ಜಿನ ನೆತ್ತಿಯ ಮೇಲೆ,
ಬೆಕ್ಕು ಮಲಗುವ ಬೆಚ್ಚನೆ ಜಾಗದಲ್ಲಿ.
ಬೆಕ್ಕು ಇನ್ನೂ ಮುನಿಸಿಕೊಂಡಿದೆ.

ಕಾಗದ ಹಿಂಡಿದರೆ ಹನಿ ಬೀಳಬಾರದು,
ಮುಟ್ಟಿದ ಬೆರಳು ಒಣಗಿಯೂ ಇರಬಾರದು.
ಹದ ಎನ್ನುವುದು ಬಾಯಿಗೆ ಬಾರದ ಮಾತು,
ಕೈಗಷ್ಟೇ ಗೊತ್ತು.
ಸುಲ್ಮಾಳ ಕೈಗೆ ಗೊತ್ತಿತ್ತು, ಹಿಟ್ಟು ನಾದುವಾಗ.
ಈಗ ನಾಲ್ಕು ವರ್ಷದಿಂದ ಆ ಕೈ ನಡುಗುತ್ತದೆ,
ಗೆಣ್ಣುಗೆಣ್ಣಿಗೂ ನೋಯುತ್ತದೆ.
ರಾತ್ರಿ ಮೂರಕ್ಕೆ ಎದ್ದು ಕೂರುತ್ತಾಳೆ. ನಾನೂ ಕೂರುತ್ತೇನೆ.
ಆ ಹೊತ್ತಿನಲ್ಲಿ ಎಷ್ಟೆಂದು ಮಾತಾಡುವುದು?
ಈಗ ಒಂದು ಕೆಲಸ ಸಿಕ್ಕಿತು:
ತಟ್ಟೆ ಎತ್ತಿ ನೋಡುವುದು.

ಮೂರನೆಯ ರಾತ್ರಿ ಒಂದು ಬಾಯಿ ಬಿಟ್ಟಿತ್ತು.
ನುಚ್ಚಿನಷ್ಟು ಬೆಳ್ಳಗೆ, ಕೊಕ್ಕೆಯಂತೆ ಬಾಗಿ.
ಬಾಲ ಬಂತು, ಎಂದೆ.
ಬಾಲವಲ್ಲ, ಬೇರು, ಎಂದಳು.
ಕತ್ತಲಲ್ಲಿ ಯಾವುದು ಮೇಲೆ, ಯಾವುದು ಕೆಳಗೆ
ಅಂತ ಇದಕ್ಕೆ ಯಾರು ಹೇಳಿದರು?
ಫ್ರಿಜ್ಜು ಗುಂಯ್ಗುಟ್ಟಿತು.

ಎದ್ದದ್ದು ಏಳು. ತೇಲಿದ್ದರಲ್ಲೂ ಒಂದು.

ಫ್ರೈ ಬೆಂತೋಸಿನಲ್ಲಿ ಡಬ್ಬಿಗೆ ಬರವಿಲ್ಲ.
ದನದ ಮಾಂಸ ತುಂಬಿ ಹಡಗು ಹತ್ತಿಸಿದ ಊರು ಇದು.
ಮೊಳೆ ಹೊಡೆದು ತಳ ತೂತು ಮಾಡಿದೆ,
ಜರಡಿ ಹಿಡಿದ ಮಣ್ಣು, ನದಿಯ ಮರಳು ಒಂದು ಹಿಡಿ,
ಬೆರಳ ಮೊದಲ ಗೆರೆಯಷ್ಟೇ ಆಳ.
ಕಾರ್ಖಾನೆ ಈಗ ಮ್ಯೂಸಿಯಂ.
ಟಿಕೆಟ್ ಕೊಂಡು ಒಳಗೆ ಹೋದರೆ
ನಾನು ನಿಂತ ಜಾಗವನ್ನು ನನಗೇ ತೋರಿಸುತ್ತಾರೆ.
ಹದಿನಾರಕ್ಕೆ ಸೇರಿದೆ. ಒಂಬತ್ತು ವರ್ಷ ಸುತ್ತಿಗೆ ಹಿಡಿದೆ.
ದಿನಕ್ಕೆ ಎಷ್ಟು ಹಣೆ ಎಂಬ ಲೆಕ್ಕ
ಬರೆಯುವವರು ಬೇರೆ ಇದ್ದರು.

ಆರು ಸಸಿಗಳು ನೆಟ್ಟಗೆ ಬಂದವು,
ಎರಡು ದುಂಡನೆ ಬೀಜದೆಲೆ, ಆಮೇಲೆ ಗರಗಸದಂಚಿನ ಜೋಡಿ.
ಏಳನೆಯದು ಸಿಪ್ಪೆ ಕಳಚಿಕೊಳ್ಳದೆ
ಟೋಪಿ ಕಣ್ಣಿಗಿಳಿದ ಸೈನಿಕನ ಹಾಗೆ ಬಗ್ಗಿ ನಿಂತಿತು.
ಎರಡು ದಿನ ಕಾದೆವು.
ನಾನು ಕೈ ಹಾಕಲು ಹೋದೆ.
ಬೇಡ, ನಿನ್ನದು ಭಾರದ ಕೈ, ಅಂದಳು.
ಎಂಜಲಲ್ಲಿ ಬೆರಳದ್ದಿ ಸಿಪ್ಪೆ ನೆನೆಸಿ
ಮೆಲ್ಲಗೆ ಹಿಡಿದಳು, ಅಷ್ಟೇ.
ಎಳೆಯಲಿಲ್ಲ.
ನಡುಗುತ್ತಿದ್ದ ಬೆರಳು ನಡುಗುತ್ತಲೇ ಇತ್ತು.
ಸಿಪ್ಪೆ ಬಂತು.

ಆರು ಅಂದರೆ ಆರು.
ಇದರ ಕೊರಳು ಬೆಂಕಿಕಡ್ಡಿಗಿಂತ ತೆಳು,
ಎರಡು ಉಗುರು ಸಾಕು.
ಗುರುವಾರ ಬೆಳಿಗ್ಗೆ ಉಗುರು ಇಟ್ಟೆ ಕೂಡ.
ಕಾಲಡಿಯ ಸಿಮೆಂಟು ಒದ್ದೆಯಾಗಿತ್ತು, ನಾನೇ ಚೆಲ್ಲಿದ ನೀರು,
ಆದರೂ ಅಲ್ಲೇ ನಿಂತುಬಿಟ್ಟೆ ಬಹಳ ಹೊತ್ತು.
ಕೈ ತೆಗೆದು, ಚಮಚದಲ್ಲಿ ನೀರು ಕೊಟ್ಟೆ.
ಅರ್ಧ ಚಮಚ.
ಅಕ್ಕರೆ ಹೆಚ್ಚಾಗಿ ಬುಡ ಕೊಳೆತದ್ದೇ ಜಾಸ್ತಿಯಂತೆ.
ಗಂಡೂ ಇರಬಹುದು ಒಂದೆರಡು, ಎಂದಳು ಸುಲ್ಮಾ,
ಹೂ ಬಿಡುವಾಗ ನೋಡೋಣ.

ಭಾನುವಾರ ವಾಲ್ದೆಮಾರ್ ಆಟಕ್ಕೆ ಬಂದ.
ಕಿಟಕಿಯ ಕಡೆ ನೋಡಿದ.
ತುಟಿ ಅಲ್ಲಾಡಿದ್ದು ಕಂಡಿತು, ಐದು, ಆರು,
ಆಮೇಲೆ ಇನ್ನೊಂದು ಸಲ.
ಆರಿವೆ, ಅಂದ. ಚೆನ್ನಾಗಿ ಬಂದಿವೆ.
ಎಲೆ ಹಂಚತೊಡಗಿದ.
ಇನ್ನೂರು ಪೆಸೊ ಮಾತು ನಾನು ಎತ್ತಲಿಲ್ಲ.
ಸುಲ್ಮಾ ಎದ್ದು ಹೋಗಿ
ಬೆಳಕಿಗೆ ವಾಲಿದ ಡಬ್ಬಿಗಳನ್ನು
ಒಂದೊಂದಾಗಿ ಅರ್ಧ ಸುತ್ತು ತಿರುಗಿಸಿ
ಬೆನ್ನ ಕಡೆಗೆ ಬಿಸಿಲು ಕೊಟ್ಟಳು.